ಅಂಗಳ ದಾಟುವ ಫೋನು

ಆಂಧ್ರದ ಗಡಿಯ ರಾಯದುರ್ಗದ ಬೆಟ್ಟದ ನೆತ್ತಿಗೆ ಬಿಸಿಲು ಇನ್ನೂ ಮುಟ್ಟಿರುವುದಿಲ್ಲ. ಬೆಟ್ಟದ ಬುಡದ ಓಣಿಯಲ್ಲಿ ಹೊಲಿಗೆ ಕಾರ್ಖಾನೆಯೊಂದರ ಕಬ್ಬಿಣದ ಬಾಗಿಲು ಕಿರ್ರೆನ್ನುತ್ತದೆ. ಬಸಲಿಂಗಮ್ಮ ಒಳಗೆ ಬಂದು ಚಪ್ಪಲಿ ಬಿಡುತ್ತಾರೆ, ಆಫೀಸು ಕೋಣೆಯ ಕಸ ಗುಡಿಸುತ್ತಾರೆ, ಗೋಡೆಯ ಶಿವನ ಪಟಕ್ಕೆ ಊದಿನಕಡ್ಡಿ ಹಚ್ಚುತ್ತಾರೆ. ಆಮೇಲೆ ಕಿಟಕಿ ಪಕ್ಕದ ಮೇಜಿನ ಮೇಲೆ, ತನ್ನ ಗೂಡಿನಲ್ಲಿ ನಿಂತ ಕರಿ ಫೋನನ್ನು ಎತ್ತಿ ಗುಂಡಿಯೊತ್ತಿ ಕಿವಿಗಿಡುತ್ತಾರೆ. ಒಳಗೆ ಗುಂಯ್ ಎನ್ನುತ್ತಿದೆ. ಜೀವ ಇದೆ ಎಂದು ಖಾತ್ರಿಯಾದ ಮೇಲೆಯೇ ಕುರ್ಚಿಯಲ್ಲಿ ಕೂರುವುದು.

ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಟೆ. ಮಡಕಶಿರಾದ ಬಟ್ಟೆ ಅಂಗಡಿಯ ಲಕ್ಷ್ಮೀನರಸಪ್ಪ. ದಿನದ ಮೊದಲ ಕರೆ ಬಹುಮಟ್ಟಿಗೆ ಅವರದೇ.

"ಎದ್ದಿದ್ದೀಯೇನಮ್ಮ?"

"ನೀವು ಎಬ್ಬಸ್ತೀರಂತ ಮಲಗಿದ್ದೆ ನೋಡ್ರಿ."

"ನಮ್ ಮೂಟೆ ಕಟ್ಟವ್ರೋ ಇಲ್ವೋ? ಅಗಳಿ ಊರ ಅಂಗಡಿಯೋನು ಬೆಳಗಾಗೋದ್ರೊಳಗೆ ಬಂದು ಜಗಲಿ ಮೇಲೆ ಕುಂತವ್ನೆ."

ಬಸಲಿಂಗಮ್ಮ ಮಾತಾಡುತ್ತಲೇ ಏಳುತ್ತಾರೆ. ಅಂಗಳಕ್ಕಿಳಿದು, ಬೇವಿನ ಮರ ದಾಟಿ, ತಗಡಿನ ಶೆಡ್ಡಿನೊಳಗೆ ಹೋಗುತ್ತಾರೆ. ಫೋನು ಕಿವಿಯಲ್ಲೇ ಇದೆ. "ಮೂಟಿ ನನ್ನ ಕಣ್ಣ ಮುಂದ ಐತ್ರಿ. ಬಾಯಿ ಹೊಲದು ಇಟ್ಟಾರ. ಮೊದಲ್ನೇ ಬಸ್ಸಿಗೆ ಹಾಕಸ್ತೀನಿ. ಅಗಳಿಯವರಿಗೆ ಒಂದು ಚಾ ಕುಡಸ್ರಿ, ಜಗಲಿ ಬಿಟ್ಟು ಏಳ್ತಾರ."

ಇಷ್ಟೇ. ಹೇಳಿದರೆ ಇದೇನು ದೊಡ್ಡ ಸಂಗತಿ ಎನ್ನಿಸಬಹುದು. ಆದರೆ ಹಿಂದಿನ ವರ್ಷದ ತನಕ ಈ ಮಾತು ಹೀಗೆ ಒಂದೇ ಉಸಿರಿಗೆ ಮುಗಿಯುವಂತಿರಲಿಲ್ಲ. ಮುಗಿಯದ ಅಂಥ ಒಂದು ಮಾತಿನಿಂದಲೇ ಬಸಲಿಂಗಮ್ಮ ಈ ಕುರ್ಚಿಯನ್ನು ಕಳೆದುಕೊಳ್ಳುವುದರಲ್ಲಿದ್ದರು.

ಅವರ ತವರು ಬೊಮ್ಮನಹಾಳ್ ಕಡೆ. ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿ ಹಾಕಿ ಬೆಳೆದ ಕೈ. ಶಾಲೆಯ ಮೆಟ್ಟಿಲು ಹತ್ತಿದ್ದುಂಟು, ಮೇಲೆ ಹೋದದ್ದು ಕಡಿಮೆ. ಗಂಡ ಮರುಳಸಿದ್ದಪ್ಪ ಇದೇ ಕಾರ್ಖಾನೆಯಲ್ಲಿ ಪ್ಯಾಂಟು ಹೊಲಿಯುತ್ತಿದ್ದರು. ಅವರ ಕಣ್ಣು ಮಂಜಾಗತೊಡಗಿದಾಗ ಹೆಂಡತಿ ಗುಂಡಿ ಹಚ್ಚುವ ಕೆಲಸಕ್ಕೆ ಬಂದರು. ಆಫೀಸಿನ ಬಾಗಿಲ ಪಕ್ಕ ಬೆಳಕಿತ್ತು. ಅಲ್ಲಿ ಕೂತು ಗುಂಡಿ ಹಚ್ಚುತ್ತಿದ್ದರು. ಒಳಗೆ ಫೋನು ಹೊಡೆದುಕೊಂಡರೆ ಶೆಡ್ಡಿನಲ್ಲಿ ಮಿಷಿನ್ನುಗಳ ಸದ್ದಿಗೆ ಯಾರಿಗೂ ಕೇಳಿಸದು. ಒಂದು ದಿನ ತಡೆಯಲಾರದೆ ತಾವೇ ಎತ್ತಿದರು. ಆ ಕಡೆಯವರು ತೆಲುಗಿನಲ್ಲಿ ಕೇಳಿದರು, ಇವರು ತೆಲುಗಿನಲ್ಲಿ ಹೇಳಿದರು. ಮರುಗಳಿಗೆ ಬಳ್ಳಾರಿಯಿಂದ ಕನ್ನಡ ಬಂತು, ಕನ್ನಡದಲ್ಲಿ ಹೇಳಿದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಹಳೆಯ ಸಾಹುಕಾರರು, "ಗುಂಡಿ ಯಾರರ ಹಚ್ಚಲಿ, ನೀನು ಒಳಗ ಬಾರವ್ವ" ಎಂದರಂತೆ.

ಅಂದಿನಿಂದ ಅವರೇ ಈ ನಂಬರಿನ ದನಿ. ಮೊಬೈಲು ಬಂದ ಮೇಲೂ ನಂಬರು ಹೋಗಲಿಲ್ಲ. ಅದು ಮೂಟೆಗಳ ಮೇಲಿದೆ, ಬಟ್ಟೆ ಚೀಲಗಳ ಮೇಲಿದೆ, ಊರೂರ ಅಂಗಡಿಯವರ ಬಾಯಲ್ಲಿದೆ. ತಗಡಿನ ಶೆಡ್ಡಿನೊಳಗೆ ಮೊಬೈಲಿಗೆ ಸಿಗ್ನಲ್ಲೂ ನಿಲ್ಲುವುದಿಲ್ಲ. ಸೀಸನ್ನಿನಲ್ಲಿ ದಿನಕ್ಕೆ ನೂರರ ಹತ್ತಿರ ಕರೆ. ಯಾರು ಎಂದು ಬಸಲಿಂಗಮ್ಮ ಕೇಳುವುದೇ ಅಪರೂಪ. ಮೊದಲ ಕೆಮ್ಮಿಗೇ ಗೊತ್ತಾಗಿರುತ್ತದೆ. ಮರೆಯಬಾರದ ಮಾತಿದ್ದರೆ ಸೆರಗಿನ ತುದಿಗೆ ಒಂದು ದಾರದ ತುಂಡು ಕಟ್ಟಿಕೊಳ್ಳುತ್ತಾರೆ. ಸಂಜೆಯಾಗುತ್ತಾ ಸೆರಗು ತೋರಣದ ಹಾಗಾಗುತ್ತದೆ.

ತೊಂದರೆ ಇದ್ದದ್ದು ಅಂಗಳದಲ್ಲಿ. ಫೋನು ಈ ಕಡೆ, ಬಟ್ಟೆ ಕತ್ತರಿಸುವ ಚಿತ್ತಪ್ಪ ಮೇಸ್ತ್ರಿ ಆ ಕಡೆ. ಅಳತೆಯ ಮಾತು ಬಂದರೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಅಂಗಳ ದಾಟಿ ಹೋಗಿ ಅವರನ್ನು ಕರೆತರಬೇಕು. ವಯಸ್ಸಿದ್ದಾಗ ಅದು ನಾಲ್ಕು ಹೆಜ್ಜೆ. "ಈಗ ಅವಸರ ಅವರ್ದು, ಮೊಣಕಾಲು ನಮ್ಮವು" ಎಂದು ನಗುತ್ತಾರೆ ಬಸಲಿಂಗಮ್ಮ.

ಹಿಂದಿನ ಬೇಸಿಗೆ, ಶಾಲೆ ಬಟ್ಟೆಯ ಸೀಸನ್ನು. ಲಕ್ಷ್ಮೀನರಸಪ್ಪ ಅವಸರದಲ್ಲಿ ಫೋನು ಮಾಡಿದರು: ಮೇಲಿನ ತರಗತಿಯ ಹುಡುಗರಿಗೆ ಚಡ್ಡಿ ಬೇಡವಂತೆ, ಪೂರ್ತಿ ಪ್ಯಾಂಟೇ ಆಗಬೇಕಂತೆ, ಅಳತೆ ಮೇಸ್ತ್ರಿಗೇ ಹೇಳುತ್ತೇನೆ, ಅವರನ್ನು ಕರಿ. ಬಸಲಿಂಗಮ್ಮ ಮೊಣಕಾಲು ಹಿಡಿದುಕೊಂಡು ಅಂಗಳಕ್ಕಿಳಿದರು. ಕಾದು ಕಾದು ಲಕ್ಷ್ಮೀನರಸಪ್ಪ ಫೋನಿಟ್ಟು, ತಮ್ಮ ಬೇರೆ ಕೆಲಸಕ್ಕೆಂದು ಬಸ್ಸು ಹತ್ತಿದರು. ಇವರು ಶೆಡ್ಡಿನ ಬಾಗಿಲು ಮುಟ್ಟುವ ಹೊತ್ತಿಗೆ ಕತ್ತರಿ ಮಿಷಿನ್ನು ಪದರ ಪದರ ಬಟ್ಟೆಯ ನಡುವೆ ಓಡಿ ಮುಗಿದಿತ್ತು. ಪ್ಯಾಂಟಾಗಬೇಕಾದ ಬಟ್ಟೆಯೆಲ್ಲ ಚಡ್ಡಿಯಾಗಿ ಮೇಜಿನ ಮೇಲೆ ಬಿದ್ದಿತ್ತು.

ಈಗ ಕಾರ್ಖಾನೆ ನೋಡಿಕೊಳ್ಳುವ ಸಿದ್ದರಾಮೇಶ್ ಹಳೆಯ ಸಾಹುಕಾರರ ಮಗ. ಚಡ್ಡಿ ಹಾಕುವ ವಯಸ್ಸಿನಿಂದ ಬಸಲಿಂಗಮ್ಮನನ್ನು ಅತ್ತಿ ಎಂದು ಕರೆದವರು. ಬೈಯಲಿಲ್ಲ. ಆದರೆ ಮಾರನೇ ದಿನ ಮುಖ ನೋಡದೆ ಹೇಳಿದರು: "ಈ ಲೈನು ತೆಗಸಿಬಿಡೋಣ ಅತ್ತೀ. ಎಲ್ಲಾ ನನ್ನ ಮೊಬೈಲಿಗೇ ಬರಲಿ. ನೀನು ಮನ್ಯಾಗ ಆರಾಮ ಇರು."

ಆರಾಮ ಎನ್ನುವ ಮಾತು ಬಸಲಿಂಗಮ್ಮನಿಗೆ ಚುಚ್ಚಿತು. ಮನೆಯಲ್ಲಿ ಮಂಜುಗಣ್ಣಿನ ಗಂಡನೊಬ್ಬರೇ. ಇಲ್ಲಿ ಊರೂರು ದಿನಾ ಮಾತಾಡಿಸುತ್ತವೆ. ಮರುಳಸಿದ್ದಪ್ಪನವರ ಕಣ್ಣು ತೋರಿಸಲು ಬಳ್ಳಾರಿಗೆ ಹೋದಾಗ ಆಸ್ಪತ್ರೆಯ ನರ್ಸಮ್ಮ ಒಂದು ಫೋನನ್ನು ಕೈಯಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದುದನ್ನು ನೋಡಿದ್ದರು. ಲೈನು ರಿಪೇರಿಗೆ ಬರುವ ಕಿರಣ್‌ಕುಮಾರನನ್ನು ತಡೆದು ಕೇಳಿದರು: "ಹಿಡಕೊಂಡು ಅಡ್ಡಾಡೋ ಫೋನು ಇರ್ತೈತಲ್ಲಪ್ಪ, ಅದು ನಮ್ಮ ನಂಬರಿಗೆ ಕೂಡಂಗಿಲ್ಲೇನು?"

"ಯಾಕ ಕೂಡಂಗಿಲ್ಲಮ್ಮ? ಕಾರ್ಡ್‌ಲೆಸ್ ಅಂತಾರ. ನಂಬರೂ ಅದೇ, ಲೈನೂ ಅದೇ. ಈ ಕೋಣ್ಯಾಗೊಂದು, ಶೆಡ್ಡಿನಾಗೊಂದು ಇಡಬೌದು."

ಸಿದ್ದರಾಮೇಶ್ ಅರೆಮನಸ್ಸಿನಿಂದ ಒಪ್ಪಿದರು. "ಬರೋ ಸೀಸನ್ನು ನೋಡ್ತೀನಿ ಅತ್ತೀ. ಆಗಲಿಲ್ಲಂದ್ರ ಮತ್ತ ಕೇಳಬ್ಯಾಡ."

ಈ ವರ್ಷದ ಯುಗಾದಿ ಕಳೆದ ಮೇಲೆ ಕಿರಣ್‌ಕುಮಾರ್ ಪೆಟ್ಟಿಗೆ ತಂದ. ಲೈನಿನ ವೈರು ತಳದ ಗೂಡಿಗೆ ಬರುತ್ತದೆ. ಗೂಡಿನಿಂದ ಫೋನಿಗೆ ಗಾಳಿಯಲ್ಲೇ ಮಾತು ಹೋಗುತ್ತದೆ. ಮೊದಲು ಬೀರುವಿನ ಪಕ್ಕ ಇಟ್ಟರೆ ಅಂಗಳದ ನಡುವೆಯೇ ದನಿ ಕರಕರ ಎಂದಿತು. ಕಬ್ಬಿಣದ ಬೀರು, ಹಳೆಯ ಕಲ್ಲುಗೋಡೆ, ಎರಡೂ ತಡೆಯುತ್ತವೆಂದು ಕಿಟಕಿಗೆ ತಂದಿಟ್ಟ. ಬೇವಿನ ಮರದಾಚೆಗೂ ದನಿ ತಿಳಿಯಾಯಿತು. ಹಳೆಯ ಫೋನಿಗೆ ಬೇರೆ ಕರೆಂಟಿನ ಹಂಗಿರಲಿಲ್ಲ, ಇದಕ್ಕೆ ಇದೆ. ಕರೆಂಟು ಹೋದಾಗ ಸುಮ್ಮನಾಗಬಾರದೆಂದು ಇನ್ವರ್ಟರಿಗೆ ಸಿಕ್ಕಿಸಿದ. ಗೂಡಿನ ಗುಂಡಿಯನ್ನು ಒತ್ತಿ ಹಿಡಿದು, ಶೆಡ್ಡಿನ ಎರಡನೇ ಫೋನನ್ನೂ ಅದಕ್ಕೆ ಪರಿಚಯ ಮಾಡಿಸಿದ. ಎರಡೂ ಪೀಂಕ್ ಎಂದವು.

"ಇವತ್ತು ಮುಟ್ಟಬ್ಯಾಡ್ರಿ. ಒಂದು ಹಗಲು ಒಂದು ರಾತ್ರಿ ಕುಂತು ಚಾರ್ಜು ಕುಡೀಲಿ."

"ಬಾಣಂತಿ ಇದ್ದಂಗ ಬಿಡು" ಎಂದರು ಬಸಲಿಂಗಮ್ಮ.

ಗುಂಡಿಗಳ ಮೇಲಿನ ಇಂಗ್ಲಿಷು ಓದಲು ಬಾರದು. ಹೊಲಿಗೆಯ ತ್ರಿವೇಣಿ ತನ್ನ ಉಗುರುಬಣ್ಣ ತಂದು, ಶೆಡ್ಡಿಗೆ ಕರೆಯುವ ಗುಂಡಿಗೆ ಕೆಂಪು ಹಚ್ಚಿದಳು. ಕೆಂಪು ಒತ್ತಿದರೆ ಆ ಕಡೆಯವರ ಮಾತು ನಿಂತು ಕಾಯುತ್ತದೆ, ಚಿತ್ತಪ್ಪನ ಮೇಜಿನ ಮೇಲಿನ ಫೋನು ಕೂಗುತ್ತದೆ. ಅವರು ಎತ್ತಿದ ಮೇಲೆ ಇವರು ಇಟ್ಟರೆ ಅವರಿಬ್ಬರೂ ನೇರ ಮಾತಾಡಬಹುದು. ಅಭ್ಯಾಸಕ್ಕೆಂದು ಬಸಲಿಂಗಮ್ಮ ದಿನವೆಲ್ಲ ಚಿತ್ತಪ್ಪನಿಗೆ ಕೆಂಪು ಒತ್ತಿದರು. ಸಂಜೆಗೆ ಮೇಸ್ತ್ರಿ ಬಾಗಿಲಿಗೇ ಬಂದರು: "ನನ್ನ ಹೆಂಡ್ತಿನೂ ಇಷ್ಟು ಸಲ ಕರೆಯಂಗಿಲ್ಲಬೇ, ಸಾಕು ಮಾಡು."

ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಬಸಲಿಂಗಮ್ಮನ ಕೈಯ ಫೋನು ಮಧ್ಯಾಹ್ನಕ್ಕೇ ಮಂಕಾಗತೊಡಗಿತು. ಮಾತಿನ ನಡುವೆ ಪೀಂಕ್ ಪೀಂಕ್ ಎಂದು ಕಣ್ಣು ಮುಚ್ಚುತ್ತದೆ. ಗೂಡಿನಲ್ಲಿಟ್ಟರೂ ಹಸಿವು ತೀರದು. ಶೆಡ್ಡಿನದು ಮಾತ್ರ ಗಟ್ಟಿಮುಟ್ಟು. "ನಿನ್ನ ಮಾತು ಕೇಳಿ ಕೇಳಿ ಅದಕ್ಕ ನಿದ್ದಿ ಬರಾಕತ್ತೈತಿ" ಎಂದರು ಚಿತ್ತಪ್ಪ. ಬಸಲಿಂಗಮ್ಮ ನಗಲಿಲ್ಲ. ಒತ್ತಬಾರದ್ದೇನನ್ನೋ ಒತ್ತಿದೆನೋ ಎಂದು ಒಳಗೊಳಗೇ ಕುಗ್ಗಿದರು. ಬಳ್ಳಾರಿಯ ಒಬ್ಬ ಗಿರಾಕಿಯ ಮಾತು ಅರ್ಧಕ್ಕೆ ನಿಂತ ದಿನ ಸಿದ್ದರಾಮೇಶ್ ಕಿರಣ್‌ಕುಮಾರನನ್ನು ಕರೆಸಿದರು. "ರಿಪೇರಿ ಆದ್ರ ಮಾಡು. ಇಲ್ಲಾಂದ್ರ ಲೈನಾ ತೆಗದುಬಿಡು. ನಂಗೂ ಸಾಕಾತು."

ಕಿರಣ್‌ಕುಮಾರ್ ಗೂಡನ್ನು ಬೆಳಕಿಗೆ ಹಿಡಿದು ಒಳಗೆ ಬೆರಳಾಡಿಸಿದ. ಬೆರಳ ತುದಿ ಬೂದುಬಣ್ಣವಾಯಿತು. ಮೂಸಿದ, ವಿಭೂತಿಯ ವಾಸನೆ. "ಅಮ್ಮಾ, ಇದು ಈಬತ್ತಿ ಅಲ್ಲೇನ್ರಿ?"

"ಹಚ್ಚಿದಾಕಿ ನಾನಾ" ಎಂದರು ಬಸಲಿಂಗಮ್ಮ. "ಸೋಮವಾರ ಸೋಮವಾರ ಹಚ್ತೀನಿ. ತಕ್ಕಡಿಗೆ ಹಚ್ತೀನಿ, ಗಲ್ಲಾಕ್ಕ ಹಚ್ತೀನಿ. ಅನ್ನ ಕೊಡೋದು ಇದು, ಇದಕ್ಕ ಬಿಡ್ಲೇನು? ಗೂಡಿನೊಳಗ ಎರಡು ಹಿತ್ತಾಳಿ ಪಟ್ಟಿ ಹೊಳೀತಿದ್ವು. ದೇವರ ಕಣ್ಣಿದ್ದಂಗ ಕಂಡ್ವು. ನೀರಾಗ ಕಲಸಿ ಅಲ್ಲೇ ಹಚ್ಚಿದೆ. ಮ್ಯಾಲೆ ಒಂದೊಂದು ಬೊಟ್ಟು ಕುಂಕುಮ."

"ಹಳೇ ಫೋನಿಗೂ ಹಚ್ತಿದ್ಯಲ್ಲ ಅತ್ತೀ?" ಎಂದರು ಸಿದ್ದರಾಮೇಶ್.

"ಅದು ವೈರಿನಾಗ ಉಣ್ತಿತ್ರಿ ಸಾವ್ಕಾರ್ರೆ" ಎಂದ ಕಿರಣ್‌ಕುಮಾರ್. "ಇದು ಉಣ್ಣೋದೇ ಈ ಎರಡು ನಾಲಿಗಿಂದ. ನಾಲಿಗಿಗೇ ಈಬತ್ತಿ ಮೆತ್ತಿದ್ರ ಹೆಂಗ ಉಣ್ಣಬೇಕು?"

ಮೊದಲು ನಕ್ಕವರು ಸಿದ್ದರಾಮೇಶ್. ಹೊಟ್ಟೆ ಹಿಡಿದುಕೊಂಡು ನಕ್ಕರು. ಬಸಲಿಂಗಮ್ಮನಿಗೆ ನಗು ಬರಲಿಲ್ಲ. ಅವರಿಗೆ ಇನ್ನೊಂದು ಚಿಂತೆ. "ಹಂಗಾದ್ರ ಇನ್ನ ಎಲ್ಲಿ ಹಚ್ಚಲಪ್ಪ?"

ಕಿರಣ್‌ಕುಮಾರ್ ಒಣಬಟ್ಟೆಯಿಂದ ನಾಲಿಗೆಗಳನ್ನು ಉಜ್ಜಿ ಹೊಳಪು ತಂದ. ಆಮೇಲೆ ಗೂಡಿನ ಮುಂಭಾಗದ ನುಣುಪು ಪ್ಲಾಸ್ಟಿಕ್ಕನ್ನು ತೋರಿಸಿದ. "ಹಣಿ ಇಲ್ಲೈತಮ್ಮ. ಇಲ್ಲಿ ಹಚ್ರಿ. ಒಣಾದು, ನೀರು ಬ್ಯಾಡ."

ಪರೀಕ್ಷೆಯ ದಿನ ಆಮೇಲೆ ಬಂತು. ಸಿದ್ದರಾಮೇಶ್ ಬಟ್ಟೆ ಕೊಳ್ಳಲು ಬಳ್ಳಾರಿಗೆ ಹೋಗಿದ್ದರು. ಶೆಡ್ಡಿನಲ್ಲಿ ಮಡಕಶಿರಾದ ಬಟ್ಟೆಯನ್ನೇ ಪದರವಾಗಿ ಹಾಸಿ, ಸೀಮೆಸುಣ್ಣದ ಗೆರೆ ಎಳೆದು, ಚಿತ್ತಪ್ಪ ಮಿಷಿನ್ನು ಚಾಲೂ ಮಾಡಿದ್ದರು. ಆಗ ಲಕ್ಷ್ಮೀನರಸಪ್ಪನವರ ಕರೆ. "ಅಮ್ಮಣ್ಣೀ, ಅಳತೆ ಚೀಟಿ ಅದಲುಬದಲಾಗೈತಂತೆ ಕಣಮ್ಮ! ಸಣ್ಣ ಹುಡುಗ್ರುದು ದೊಡ್ಡೋರಿಗೆ ಬರ್ದವ್ರೆ. ಕತ್ತರ್ಸಿಬಿಟ್ರೇನು?"

ಬಸಲಿಂಗಮ್ಮ ಕೆಂಪು ಒತ್ತಿದರು. ಮಿಷಿನ್ನಿನ ಸದ್ದಿಗೆ ಚಿತ್ತಪ್ಪನಿಗೆ ಕೇಳಿಸೀತೋ ಇಲ್ಲವೋ ಎಂದು ಒತ್ತಿಕೊಂಡೇ ಅಂಗಳಕ್ಕಿಳಿದರು. ಬೇವಿನ ಮರ ಮುಟ್ಟುವ ಮೊದಲೇ ಕಿವಿಯಲ್ಲಿ ಮೇಸ್ತ್ರಿಯ ದನಿ: "ಏನಬೇ?"

"ಬ್ಲೇಡು ಎತ್ತು!"

ಶೆಡ್ಡಿನ ಸದ್ದು ನಿಂತದ್ದು ಅವರಿಗೆ ಎರಡು ಕಡೆಯಿಂದ ಕೇಳಿಸಿತು, ಫೋನಿನ ಕಿವಿಗೊಮ್ಮೆ, ಬರಿಗಿವಿಗೊಮ್ಮೆ. ಮರಕ್ಕೆ ಕೈಕೊಟ್ಟು ನಿಂತು, ಹೇಳಿಕೊಟ್ಟ ಹಾಗೆ ಲೈನನ್ನು ಬಿಟ್ಟುಕೊಟ್ಟರು. ಮೇಸ್ತ್ರಿ ಮತ್ತು ಲಕ್ಷ್ಮೀನರಸಪ್ಪ ಅಳತೆ ಮಾತಾಡಿಕೊಂಡರು. ಬ್ಲೇಡು ಬಟ್ಟೆಯ ಅಂಚನ್ನಷ್ಟೇ ಕಚ್ಚಿತ್ತು.

ಸಿದ್ದರಾಮೇಶ್ ಸಂಜೆ ಬಂದರು. ಚಿತ್ತಪ್ಪ ಹೇಳಿದ್ದನ್ನೆಲ್ಲ ನಿಂತು ಕೇಳಿದರು. ಮೆಚ್ಚಿ ಮಾತಾಡುವ ಅಭ್ಯಾಸ ಆ ಮನೆತನದಲ್ಲಿಲ್ಲ. ಕಿರಣ್‌ಕುಮಾರನಿಗೆ ಫೋನು ಮಾಡಿ, "ಆ ಕಾರ್ಡ್‌ಲೆಸ್ಸಿಗೆ ಇನ್ನೊಂದು ಬ್ಯಾಟರಿ ತಂದಿಡು, ಮುಂದಿನ ವರ್ಷಕ್ಕ ಬೇಕಾಗ್ತೈತಿ" ಎಂದರಷ್ಟೆ. ಬಸಲಿಂಗಮ್ಮ ಪಕ್ಕದಲ್ಲೇ ಇದ್ದರು. ಮುಂದಿನ ವರ್ಷ ಎಂಬ ಮಾತನ್ನು ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದರಂತೆ.

ಈಗ ಲೈನು ತೆಗೆಸುವ ಮಾತಿಲ್ಲ. ಆದರೆ ಬಸಲಿಂಗಮ್ಮನನ್ನು ಕೇಳಿದರೆ ಅವರು ಕುರ್ಚಿಯ ವಿಷಯ ಎತ್ತುವುದಿಲ್ಲ, ಬುತ್ತಿಯ ವಿಷಯ ಎತ್ತುತ್ತಾರೆ. ಹೆಣ್ಣುಮಕ್ಕಳೆಲ್ಲ ಮಧ್ಯಾಹ್ನ ಬೇವಿನ ನೆರಳಲ್ಲಿ ಗುಂಪಾಗಿ ಕೂತು ಉಣ್ಣುತ್ತಾರೆ. ಇಷ್ಟು ವರ್ಷ ಅವರ ನಗು ಕಿಟಕಿಯಿಂದ ಕೇಳಿಸುತ್ತಿತ್ತು, ಅಷ್ಟೆ. ಫೋನು ಬಿಟ್ಟು ಏಳುವಂತಿಲ್ಲವಲ್ಲ, ಮೇಜಿನ ಮೂಲೆಯಲ್ಲೇ ರೊಟ್ಟಿ ಬಿಚ್ಚಿ ಒಬ್ಬರೇ ಮುಗಿಸಿಬಿಡುತ್ತಿದ್ದರು. "ಯಾರ ಮನ್ಯಾಗ ಏನು ಪಲ್ಯ ಅಂತ ನಂಗ ಗೊತ್ತಾ ಇರಲಿಲ್ಲ ನೋಡ್ರಿ."

ಇವತ್ತು ಅವರು ನೆರಳಲ್ಲಿ ಕಾಲು ಚಾಚಿ ಕೂತಿದ್ದಾರೆ. ತ್ರಿವೇಣಿ ಶೇಂಗಾ ಚಟ್ನಿ ಬಡಿಸುತ್ತಾ, "ಅತ್ತಿ ಬಂದಮ್ಯಾಗ ನನ್ನ ಡಬ್ಬಿ ಬಲು ಲಗು ಖಾಲಿ ಆಗ್ತೈತಿ" ಎಂದು ಛೇಡಿಸುತ್ತಾಳೆ. ಫೋನು ಮಡಿಲಲ್ಲಿದೆ. ಗಂಟೆ ಹೊಡೆಯುತ್ತದೆ. ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಎತ್ತುತ್ತಾರೆ. ಲಕ್ಷ್ಮೀನರಸಪ್ಪನವರ ದನಿ ಹೊರಗಿನವರಿಗೂ ಕೇಳುವಷ್ಟು ದೊಡ್ಡದು: "ಏನಮ್ಮ ಅದು, ಅಷ್ಟೊಂದು ಗಲಾಟೆ?"

ಬಸಲಿಂಗಮ್ಮ ಸುತ್ತಲೂ ಒಮ್ಮೆ ನೋಡುತ್ತಾರೆ.

"ನಾವೆಲ್ಲಾ ಉಣ್ಣಾಕ ಕುಂತೀವ್ರಿ" ಎನ್ನುತ್ತಾರೆ. "ಏನು ಬೇಕಿತ್ತು, ಹೇಳ್ರಿ."