ಐದೈದು ನಿಮಿಷ ಮೊದಲು

ತೊಂಬತ್ತರ ದಶಕದ ಮಾತು. ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾಗಿ ಗುಂಡ್ಲುಪೇಟೆಯಲ್ಲಿ ನೆಲೆಸಿದ್ದೆ. ಎಡತೊಡೆಯ ರಕ್ತನಾಳ ಕಟ್ಟಿಕೊಂಡು, ಬಲಗಾಲಿನಿಂದ ನಾಳ ತೆಗೆದು ಜೋಡಿಸಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿದ್ದರು. ದಿನವೂ ನಡೆಯಿರಿ ಎಂದಿದ್ದರು. ಬೆಳಿಗ್ಗೆ ಸರಿಯಾಗಿ ಆರೂವರೆಗೆ ಬಸ್ ಸ್ಟ್ಯಾಂಡ್ ತಲುಪಿ ಪೇಪರ್ ಕೊಳ್ಳುತ್ತಿದ್ದೆ. ಒಂದೂವರೆ ವರ್ಷ ಇದು ತಪ್ಪಲಿಲ್ಲ.

ಆಮೇಲೆ ಈರುಳ್ಳಿ ಮಂಡಿಯ ಹತ್ತಿರ ಬಂದರೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ಸುಮ್ಮನೆ ರಸ್ತೆಯಲ್ಲಿ ನಿಲ್ಲುವುದು ನನಗಾಗದು. ಅದಕ್ಕೆ ಲಾರಿಗೆ ಮೂಟೆ ಹೊರುವ ಹಮಾಲಿಗಳನ್ನು ರೇಟು ಕೇಳುತ್ತಿದ್ದೆ. ಒಬ್ಬ ನನಗೆ ಕೇಳಿಸುವಂತೆಯೇ ಅಂದ:

"ಮೇಷ್ಟ್ರು ದಿನಾ ರೇಟ್ ಕೇಳ್ತರೆ, ಒಂದ್ ಗೆಡ್ಡೆನೂ ತಕಂಡಿಲ್ಲ ಕಣ್ಲಾ!"

"ಬುಡ್ಲಾ, ಪೂರಾ ಲಾರಿನೇ ತಕತರೇನೋ," ಎಂದ ಇನ್ನೊಬ್ಬ.

ನಾನೂ ನಕ್ಕು ಮುಂದೆ ಹೋದೆ.

ನಿಲ್ಲುವ ಜಾಗ ಒಂದಿದ್ದದ್ದು ಎರಡಾಯಿತು, ಮೂರಾಯಿತು. ಆರೂವರೆ ಮಾತ್ರ ತಪ್ಪಬಾರದು. ಹಾಗಾಗಿ ಮನೆಯಿಂದ ಐದು ನಿಮಿಷ ಮೊದಲು ಹೊರಟೆ, ಕೆಲವು ದಿನ ಬಿಟ್ಟು ಇನ್ನೈದು. ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೇನಲ್ಲ, ಕಾಲು ಚೆನ್ನಾಗಿಯೇ ಇದೆ ಎಂದುಕೊಂಡಿದ್ದೆ.

ಕಂಡುಹಿಡಿದದ್ದು ನನ್ನ ಹೆಂಡತಿ. ಒಂದು ದಿನ ಕಾಫಿ ಲೋಟ ಕೈಯಲ್ಲೇ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಮೊದ್ಲು ಹಾಲಿನವ್ನು ಬಂದ್ಮೇಲೆ ಹೊರಡ್ತಿದ್ರಿ. ಈಗ ಅವ್ನು ಹಸು ಕರೆಯೋಕ್ ಮುಂಚೆನೇ ಕಾಫಿ ಕೇಳ್ತೀರಿ. ಬಸ್ ಸ್ಟ್ಯಾಂಡೇನು ಮೈಸೂರ್ ಕಡೆಗೆ ಸರಿದೋಯ್ತಾ?"

ಅವಳು ಬಗ್ಗಿ ಎರಡೂ ಪಾದ ಮುಟ್ಟಿ ನೋಡಿದಳು.

"ಈ ಎಡಗಾಲು ತಣ್ಣಗದೆ," ಎಂದಳು. ಅವಳ ದನಿ ಅಷ್ಟರಲ್ಲೇ ಬದಲಾಗಿತ್ತು.

ಅಂದೇ ಚಾಮರಾಜನಗರದ ಬಸ್ಸು ಹತ್ತಿಸಿದಳು. ಅಲ್ಲಿನ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ಬಹಳ ಹೊತ್ತು ನಾಡಿ ಹುಡುಕಿದರು. ನಾಳ ಜೋಡಿಸಿದ ಕಡೆ ಮತ್ತೆ ಕಿರಿದಾಗಿರಬೇಕು, ಪೂರ್ತಿ ಮುಚ್ಚಿಕೊಂಡರೆ ಕಾಲು ಉಳಿಯುವುದು ಕಷ್ಟ ಎಂದು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಮತ್ತೆ ಕೊಯ್ಯುತ್ತಾರೆಂದು ಹೆದರಿದ್ದೆ. ಕೊಯ್ಯಲಿಲ್ಲ. ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ಸಣ್ಣ ಕೊಳವೆ ತೂರಿಸಿ, ಅದರ ತುದಿಯ ಬಲೂನನ್ನು ಕಿರಿದಾದ ಜಾಗದಲ್ಲಿ ಉಬ್ಬಿಸಿದರು. ನನಗೆ ಎಚ್ಚರವಿತ್ತು. ಉಬ್ಬಿಸಿದಾಗ ಹಲ್ಲು ಕಚ್ಚುವಷ್ಟು ನೋವು. ಇಳಿಸಿದ ಮೇಲೆ ಪಾದದೊಳಗೆ ಬಿಸಿನೀರು ಹರಿದಂತಾಯಿತು. ಆರು ಗಂಟೆ ಕಾಲು ಅಲುಗಿಸದೆ ಮಲಗಿ ಎಂದರು. ಅಟೆನ್ಷನ್ ಹೇಳಿಯೇ ಬದುಕಿದ ಡ್ರಿಲ್ ಮೇಷ್ಟ್ರಿಗೆ ಅದೊಂದು ಸುಲಭವಾಗಿತ್ತು. ಬಿಸಿನೀರಿನ ಆ ನೆನಪಿಗೆ ಇಂದೂ ಬೆಂಗಳೂರಿನ ಆ ಡಾಕ್ಟರಿಗೆ ಕೈಮುಗಿಯುತ್ತೇನೆ.

ಮತ್ತೆ ಕಿರಿದಾಗಬಹುದು, ಮೂರು ತಿಂಗಳಿಗೊಮ್ಮೆ ಬನ್ನಿ ಎಂದು ಹೇಳಿ ಕಳಿಸಿದರು. ದಾರಿಯಲ್ಲಿ ಎಷ್ಟು ಸಲ ನಿಲ್ಲಬೇಕಾಯಿತು ಎಂದು ನೋಡಿಕೊಳ್ಳಲು ಹೇಳಿದರು.

ಅದನ್ನು ನನ್ನ ಮೇಲೆ ಬಿಡಲು ಹೆಂಡತಿ ಒಪ್ಪಲಿಲ್ಲ, ತಾನೂ ಜೊತೆಗೆ ಹೊರಟಳು. ಎಡಗಾಲು ಎಲ್ಲೂ ಹಿಡಿದುಕೊಳ್ಳಲಿಲ್ಲ. ಆದರೆ ಅವಳು ಸಿಕ್ಕವರನ್ನೆಲ್ಲ ಮಾತಾಡಿಸುವವಳು. ನಾವು ಬಸ್ ಸ್ಟ್ಯಾಂಡ್ ತಲುಪುವಾಗ ಒಮ್ಮೊಮ್ಮೆ ಏಳಾಗುತ್ತಿತ್ತು, ಪೇಪರ್ ಖಾಲಿಯಾಗಿರುತ್ತಿತ್ತು. ಹೊತ್ತು ತಪ್ಪಿತೆಂದು ನಾನು ಒಂದು ದಿನವೂ ಗೊಣಗಲಿಲ್ಲ.