ಒಳಗೆ ಬಿಟ್ಟ ಬಟ್ಟೆ

ಒಮ್ಮೆ ಬಾಯಿ ತೆರೆದರೆ ನಿಲ್ಲಿಸಲು ಗುಂಡಿಯಿಲ್ಲದ್ದರಿಂದ ಆ ದರ್ಜಿ ಹೆಂಗಸನ್ನು ಬೀದಿಯವರೆಲ್ಲ ರೇಡಿಯೋ ಅಕ್ಕ ಎನ್ನುತ್ತಿದ್ದರು. ಕೊರಳಿಗೆ ಟೇಪು, ತುಟಿಯ ನಡುವೆ ಗುಂಡುಸೂಜಿ. ಅದರ ಸಂದಿಯಲ್ಲೇ ಊರ ಸುದ್ದಿಯೆಲ್ಲ ಹೊರಬರುತ್ತಿತ್ತು. ಹೊಲಿಗೆ ಮಾತ್ರ ಗಟ್ಟಿ. ಪಕ್ಕದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಮಡಿಚಿ ಬಿಡುತ್ತಿದ್ದಳು. ಮೈ ಬಂದವರು ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳಬಹುದು. ನಮ್ಮಂಥ ಡೊಳ್ಳುಹೊಟ್ಟೆಯವರ ಮಾನ ಉಳಿದಿರುವುದೇ ಆ ಮಡಿಕೆಯಲ್ಲಿ.

ಎದುರು ಕಟ್ಟಡದ ಎಳೆ ಹೆಂಗಸೊಬ್ಬಳು ಮಹಡಿಯಿಂದ ಬಿದ್ದು ಸತ್ತಳು. ಗಂಡನೇ ತಳ್ಳಿದ ಎಂದು ಸರ್ಕಾರ ಕೇಸು ಹಾಕಿತು. ಬದುಕು ಬೇಸರವಾಗಿ ಅವಳೇ ಹಾರಿದಳು ಎಂದು ಗಂಡ ಹೇಳಿದ. ಹಾರಿದಳು ಎಂಬುದು ಕೋರ್ಟಿನಲ್ಲಿ ನಿಂತರೆ ಅವನು ಸೀದಾ ಮನೆಗೆ.

ರೇಡಿಯೋ ಅಕ್ಕ ಸಾಕ್ಷಿ ಹೇಳುತ್ತಾಳೆಂದು ತಿಳಿದು ಆ ಗಂಡನ ಅಣ್ಣ ಅಂಗಡಿಗೆ ಬಂದ. "ನಿಮಗ್ಯಾಕಕ್ಕ ಊರ ಉಸಾಬರಿ?"

"ಉಸಾಬರಿನೇ ನನ್ನ ಕಸುಬು ಕಣಪ್ಪ. ಹೊಲಿಗೆ ಏನಿದ್ರೂ ಪುರುಸೊತ್ತಿಗೆ."

ಕಟಕಟೆ ಹತ್ತಿದವಳು ಸರ್ಕಾರಿ ವಕೀಲರು ಪ್ರಶ್ನೆ ಮುಗಿಸುವ ಮೊದಲೇ ಶುರುಮಾಡಿದಳು. "ಗಂಡ ಕತ್ತು ಹಿಸುಕಿದ್ದ ಅಂತ ಅವಳೇ ನಂಗೆ ಹೇಳಿದ್ಳು ಸ್ವಾಮಿ."

ಗಂಡನ ವಕೀಲರು ಸ್ಪ್ರಿಂಗಿನಂತೆ ಎದ್ದರು. "ಇದು ಬರೀ ಕೇಳಿದ ಮಾತು! ನೀವು ಕಣ್ಣಾರೆ ನೋಡಿದ್ರಾ?"

"ಹಿಸುಕೋವಾಗ ನನ್ನನ್ನ ಕರೆದಿರ್ಲಿಲ್ಲ."

ನ್ಯಾಯಾಧೀಶರು ನಗು ನುಂಗಿಕೊಂಡು, ಹೇಳಿಕೆ ಟೈಪು ಮಾಡುತ್ತಿದ್ದವನಿಗೆ, ಆ ಮಾತನ್ನು ಬರೆದುಕೊಳ್ಳಬೇಡಿ ಎಂದರು. ಅಷ್ಟು ದೊಡ್ಡ ಸುದ್ದಿ ಕಸದ ಬುಟ್ಟಿಗೆ! ರೇಡಿಯೋ ಅಕ್ಕನಿಗೆ ಮೈಯೆಲ್ಲ ಉರಿಯಿತು.

"ಇನ್ನು ಇಳೀಬಹುದು" ಎಂದರು ಗಂಡನ ವಕೀಲರು.

"ಇಳಿಯಲ್ಲ" ಎಂದು ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದಳು. "ಸಾಯೋ ಹಿಂದಿನ ದಿನ ರವಿಕೆ ಹೊಲಿಸೋಕೆ ಬಂದಿದ್ಳು. ಕಡ್ಡಿ ಥರ ಇದ್ಳು. 'ಅಕ್ಕಾ, ಒಳಗೆ ಬಟ್ಟೆ ಜಾಸ್ತಿ ಬಿಡು. ಇವನನ್ನ ಬಿಟ್ಟು ಅಮ್ಮನ ಹತ್ರ ಹೋಗ್ತಿದೀನಿ. ಚೆನ್ನಾಗಿ ಉಂಡು ದಪ್ಪ ಆಗ್ತೀನಿ' ಅಂದ್ಳು."

"ಇದೂ ಕೇಳಿದ ಮಾತೇ!"

ನ್ಯಾಯಾಧೀಶರು ಕನ್ನಡಕ ತೆಗೆದರು. "ಕತ್ತು ಹಿಸುಕಿದ್ದು ನಡೆದುಹೋದ ಸಂಗತಿ. ಅವಳು ಅಂದಳು ಅಂತ ನಂಬೋಕಾಗಲ್ಲ. ಆದರೆ ನಾಳೆ ಏನು ಮಾಡಬೇಕು ಅಂತಿದ್ಳೋ ಅದು ಅವಳ ಮನಸ್ಸಿನೊಳಗಿದ್ದದ್ದು. ಮನಸ್ಸನ್ನ ಯಾರು ಕಣ್ಣಾರೆ ನೋಡ್ತಾರೆ? ಆಡಿದ ಮಾತಿಂದಲೇ ತಿಳೀಬೇಕು. ಇದನ್ನ ಬರ್ಕೊಳ್ಳಿ."

ವಕೀಲರು ಬಿಡಲಿಲ್ಲ. "ನಿಮ್ಮನ್ನ ಬೀದಿಯವರು ರೇಡಿಯೋ ಅಂತಾರಂತೆ?"

"ಅದು ಕೇಳಿದ ಮಾತು ಸ್ವಾಮಿ, ಬರ್ಕೊಬೇಡಿ."

"ಆಮೇಲೆ ಅವಳ ಮನಸ್ಸು ಬದಲಾಗಿರಬಹುದಲ್ಲ?"

"ಬದಲಾಯ್ತು. ಅವತ್ತೇ ಸಂಜೆ ಮತ್ತೆ ಬಂದು, ಇನ್ನೊಂದು ಬೆರಳಗಲ ಜಾಸ್ತಿ ಬಿಡು ಅಂದ್ಳು."

ಇಳಿಯುವಾಗ ಟೈಪು ಮಾಡುವವನ ಕಡೆ ತಿರುಗಿದಳು. "ಮೊದಲನೇ ಮಾತೂ ನಿಜಾನೇ ಕಣಪ್ಪ. ನೀನು ಬರೆದ್ರೂ, ಬಿಟ್ರೂ."

ತೀರ್ಪಿನ ದಿನ, ಅವಳೇ ಹಾರಿದಳೆಂಬ ಕಥೆ ಬಿದ್ದುಹೋಯಿತು. ನೆರೆಯವರು ಕೇಳಿಸಿಕೊಂಡ ಕಿರುಚಾಟದ ಜೊತೆಗೆ ದಪ್ಪಗಾಗುವ ಆಸೆಯಿಂದ ಅವಳು ಬಿಡಿಸಿಕೊಂಡ ರವಿಕೆಯ ಮಡಿಕೆಯನ್ನೂ ನ್ಯಾಯಾಧೀಶರು ಓದಿ ಹೇಳಿದರು. ಗಂಡ ಜೈಲಿಗೆ ಹೋದ. ಕೋರ್ಟಿನ ಗೇಟಿನಲ್ಲಿ ಅವನ ಅಣ್ಣ ದಾರಿಗಡ್ಡ ನಿಂತ.

"ನಾಳೆ ಅಂಗಡಿ ಹೇಗೆ ತೆಗೀತೀಯೋ ನೋಡ್ತೀನಿ."

ರೇಡಿಯೋ ಅಕ್ಕ ಕೊರಳಿನ ಟೇಪು ತೆಗೆದು ಅವನ ಹೆಗಲಿಗೆ ಹಿಡಿದಳು.

"ಬಾ. ಬಟ್ಟೆನೂ ತಗೊಂಡು ಬಾ, ಹೊಲಿದುಕೊಡ್ತೀನಿ. ಆದ್ರೆ ನಿಂಗೆ ಒಳಗೆ ಒಂದೆಳೆನೂ ಬಿಡಲ್ಲ."