ಅಧಿಕ ಮಾಸದ ಇಸಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಆ ಗಾದೆ ಮಾಡಿದವನು ಕಟ್ಟಿದ ಮನೆಯನ್ನು ಕೊಳ್ಳಲು ಹೋಗಿರಲಿಲ್ಲವೆಂದು ಕಾಣುತ್ತದೆ. ನಾವು ಹೋಗಿದ್ದೆವು. ಐವತ್ತರ ದಶಕದ ಕೊನೆಯ ಮಾತು. ನನಗೆ ಆಗ ಇಪ್ಪತ್ತೆರಡು ವರ್ಷ, ಬಾಯಿ ಮಾತ್ರ ಐವತ್ತು ವರ್ಷದವಳದು ಎಂದು ಚಾಳಿನ ಹೆಂಗಸರು ಆಡಿಕೊಳ್ಳುತ್ತಿದ್ದರು.

ಸೋಲಾಪುರದ ಗಿರಣಿ ಚಾಳಿನಲ್ಲಿ, ಕೆಲಸಗಾರರ ಸಾಲುಮನೆಗಳಲ್ಲಿ, ಒಂದೇ ಖೋಲಿ ನಮ್ಮದು. ನಾನು, ಗಿರಣಿಯಲ್ಲಿ ಮಗ್ಗದ ಕೆಲಸ ಮಾಡುವ ನಮ್ಮ ಮನೆಯವರು, ಅವರ ತಾಯಿ. ನಲ್ಲಿಗೆ ಪಾಳಿ, ಸಂಡಾಸಿಗೆ ಪಾಳಿ, ಬಟ್ಟೆ ಒಣಹಾಕಲು ಹಗ್ಗಕ್ಕೂ ಪಾಳಿ. ಮಳೆಗಾಲದಲ್ಲಿ ಒಲೆ ಹೊತ್ತಿಸಿದರೆ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಹೀಗಿರುವಾಗ ಗಿರಣಿಯಿಂದ ಎರಡು ಓಣಿ ಆಚೆ ಒಂದು ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಎರಡು ಖೋಲಿ, ಮುಂದೊಂದು ಪಡಸಾಲೆ, ಹಿತ್ತಲಲ್ಲಿ ಸ್ವಂತ ನಲ್ಲಿ. ಆ ನಲ್ಲಿಯನ್ನು ತಿರುಗಿಸಿ ನೀರು ಬಿದ್ದದ್ದನ್ನು ನೋಡಿದ ಮೇಲೆ ನನಗೆ ಮನೆಯ ಉಳಿದ ಭಾಗ ನೋಡುವ ವ್ಯವಧಾನವೇ ಇರಲಿಲ್ಲ.

ಮನೆಯ ಮಾಲಕರು ಅಕ್ಕಲಕೋಟದವರು, ಹೊಲಮನೆ ಚೆನ್ನಾಗಿದ್ದವರು. ಮಕ್ಕಳ ಸಾಲೆಗೆಂದು ಸೋಲಾಪುರದಲ್ಲಿ ಆ ಮನೆ ಮಾಡಿದ್ದರು. ಮಕ್ಕಳ ಸಾಲೆ ಮುಗಿದು ಮನೆಗೆ ಬೀಗ ಬಿದ್ದಿತ್ತು. ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ದರ ಕುದುರಿತು. ಇನ್ನು ಇಸಾರ ಕೊಡಬೇಕು. ಕೊಳ್ಳುವವರು ಮಾತಿಗೆ ತಪ್ಪುವುದಿಲ್ಲ ಎಂಬುದಕ್ಕೆ ಮುಂಚಿತವಾಗಿ ಇಡುವ ಹಣವನ್ನು ನಮ್ಮ ಕಡೆ ಇಸಾರ ಎನ್ನುತ್ತಾರೆ. ಐದು ನೂರು ರೂಪಾಯಿ ಕೇಳಿದರು. ನಮ್ಮ ಮನೆಯಲ್ಲಿ ಅಷ್ಟು ಬೆಲೆ ಬಾಳುವುದು ಒಂದೇ ಇತ್ತು, ನನ್ನ ಕೈಯಲ್ಲಿದ್ದ ಬಂಗಾರದ ಪಾಟ್ಲಿ. ನನ್ನ ತಾಯಿ ತನ್ನ ಕೈಯಿಂದ ಬಿಚ್ಚಿ ನನಗೆ ಹಾಕಿದ್ದು. ಸಾಬೂನು ಹಚ್ಚಿಕೊಂಡು ತೆಗೆದೆ. ಯಾರೂ ಬಲವಂತ ಮಾಡಲಿಲ್ಲ. ನಲ್ಲಿಯ ಆಸೆಗೆ ನಾನೇ ತೆಗೆದೆ. ಅದನ್ನು ಮಾರಿ ಇಸಾರದ ಐದು ನೂರು ಮಾಡಿದೆವು.

ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವವರೊಬ್ಬರು ಕೂಡುತ್ತಿದ್ದರು. ಅವರೇ ಇಸಾರದ ಪಾವತಿ ಚೀಟಿ ಬರೆದರು, ಮರಾಠಿಯಲ್ಲಿ. ಬರೆದು ಕನ್ನಡದಲ್ಲಿ ಅರ್ಥ ಹೇಳಿದರು. ಎರಡು ತಿಂಗಳೊಳಗೆ ಉಳಿದ ಹಣ ಕೊಟ್ಟು ಖರೇದಿ ಮಾಡಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ ಇಸಾರ ಮುಳುಗಿತು.

"ಮಾಲಕ್ರ ತಡಾ ಮಾಡಿದ್ರ?" ಎಂದು ನಾನು ಕೇಳಿದೆ.

ಅರ್ಜಿಯವರು ಚಷ್ಮಾದ ಮೇಲಿನಿಂದ ನನ್ನನ್ನು ನೋಡಿದರು. "ಅದು ಇದರಾಗ ಬರ್ದಿಲ್ಲ ತಾಯಿ."

"ಹಂಗಾದ್ರ ಬರೀರಿ."

ಮಾಲಕರು ನಕ್ಕರು. "ತಂಗಿ ಭಾಳ ಶಾಣ್ಯಾಕಿ ಅದಾಳ," ಎಂದು ನಮ್ಮ ಮನೆಯವರ ಬೆನ್ನು ತಟ್ಟಿದರು. ಇವರು ನಾಚಿ ನನ್ನ ಕಡೆ ಕಣ್ಣು ಕೆಕ್ಕರಿಸಿದರು. ಮಾತು ಅಲ್ಲಿಗೆ ನಿಂತಿತು, ಪಾವತಿಯ ಮೇಲೆ ಏನೂ ಬರಲಿಲ್ಲ. ಆ ನಗು ನನಗೆ ಹಿಡಿಸಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಬರಿಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ.

ಉಳಿದ ಹಣಕ್ಕೆ ಗಿರಣಿಯ ಪತಪೇಢಿಯಲ್ಲಿ, ಕೆಲಸಗಾರರ ಸಹಕಾರಿ ಸಂಘದಲ್ಲಿ, ಸಾಲ ಕೇಳಿದ್ದೆವು. ಇಬ್ಬರು ಜಾಮೀನು ಬೇಕು; ಒಬ್ಬ ಒಪ್ಪಿದರೆ ಇನ್ನೊಬ್ಬನ ಹೆಂಡತಿ ಒಪ್ಪುತ್ತಿರಲಿಲ್ಲ. ಅದರಲ್ಲೇ ಎರಡು ವಾರ ಹೋಯಿತು. ಹಣ ಕೈಗೆ ಬಂದಾಗ ಅತ್ತೆ ಪಂಢರಪುರದ ವಾರಿಗೆ, ಪ್ರತಿ ಆಷಾಢದ ಯಾತ್ರೆಗೆ, ನಡೆದುಕೊಂಡು ಹೋಗಿದ್ದಳು. ಮನೆ ತಾಯಿಯ ಹೆಸರಿನಲ್ಲೇ ಆಗಬೇಕೆಂದು ಇವರ ಹಟ, ಅವಳಿಲ್ಲದೆ ಖರೇದಿ ನೋಂದಿಸುವ ಕಚೇರಿಯ ಮೆಟ್ಟಿಲು ಹತ್ತಲಾರರು. ಅವಳು ಬಂದಳು, ಬಾತ ಕಾಲು ತೆಗೆದುಕೊಂಡು. ಅಷ್ಟರಲ್ಲಿ ಮಾಲಕರು ಹೇಳಿ ಕಳಿಸಿದರು: ಹೊಲದಲ್ಲಿ ಬಿತ್ತನೆ ನಡೆದಿದೆ, ವಾರ ಬಿಟ್ಟು ಬರುತ್ತೇನೆ. ವಾರ ಬಿಟ್ಟರೆ ಇನ್ನೊಂದು ವಾರ. ಆಷಾಢದ ಅಮಾವಾಸ್ಯೆ ಬಂತು. ಮರುದಿನದಿಂದ ಅಧಿಕ ಮಾಸ.

ಮೂರು ವರ್ಷಕ್ಕೊಮ್ಮೆ ಬರುವ ಆ ಹೆಚ್ಚಿನ ತಿಂಗಳಿಗೆ ನಮ್ಮ ಕಡೆ ಧೋಂಡ್ಯಾ ಎನ್ನುತ್ತಾರೆ. ಆ ತಿಂಗಳು ಮದುವೆಯಿಲ್ಲ, ಮುಂಜಿಯಿಲ್ಲ, ಮನೆ ಕೊಳ್ಳುವುದಂತೂ ಇಲ್ಲವೇ ಇಲ್ಲ. ಹಬ್ಬ ಇರುವುದು ಅಳಿಯಂದಿರಿಗೆ ಮಾತ್ರ. ಅಳಿಯನನ್ನು ಕರೆಸಿ, ಅಕ್ಕಿ ಬೆಲ್ಲದ ಅನಾರಸದ ಕಜ್ಜಾಯ ಮೂವತ್ತಮೂರು ಕರಿದು, ತಾಟಿನಲ್ಲಿ ದೀಪದ ಜೊತೆ ಇಟ್ಟು ಕೊಡಬೇಕು. ಅಳಿಯನೆಂದರೆ ಆಗ ದೇವರು, ಅವನು ಬಾಯಿಬಿಟ್ಟು ಬೇಡಿದ್ದನ್ನು ಇಲ್ಲವೆನ್ನಬಾರದು.

"ಅಧಿಕದಾಗ ಮನಿ ಖರೇದಿ ಬ್ಯಾಡಪ್ಪಾ," ಎಂದಳು ಅತ್ತೆ. "ತಗೊಂಡ ಮನಿ ಬಾಳಂಗಿಲ್ಲ. ನಾನ ಹೋಗಿ ಮುಂದ ಹಾಕ್ರಿ ಅಂತ ಮಾಲಕರಿಗೆ ಕೇಳ್ತೀನಿ."

"ಪಾವತ್ಯಾಗಿನ ಮುದ್ದತಿ ಅಧಿಕದಾಗ ಮುಗೀತೈತ್ರಿ ಅತ್ತಿ," ಎಂದೆ.

"ಅವರೂ ದೇವ್ರ ಮಂದಿನ ಅಲ್ಲೇನು?"

ನಮ್ಮ ಅತ್ತೆಗೆ ಬೆಳ್ಳಗಿದ್ದದ್ದೆಲ್ಲ ಹಾಲು. ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಅಕ್ಕಲಕೋಟದಲ್ಲಿ ಮಾಲಕರ ವಾಡೆಯ ಬಾಗಿಲಿಗೆ ಹೋಗುವಷ್ಟರಲ್ಲೇ ತುಪ್ಪದಲ್ಲಿ ಅನಾರಸ ಕರಿಯುವ ವಾಸನೆ. ಹೊಸ್ತಿಲಲ್ಲಿ ಪಾಲಿಶ್ ಹಾಕಿದ ಒಂದು ಜೋಡಿ ಬೂಟು. ಮಾಲಕರು ಎದ್ದು ಬಂದು ಅತ್ತೆಯನ್ನು ಕೈಹಿಡಿದು ಕೂಡಿಸಿದರು, ಚಹಾ ತರಿಸಿದರು. ಅತ್ತೆ ಬಂದ ಕೆಲಸ ಹೇಳಿದಳು.

"ಅಕ್ಕಾರ, ನಾನರ ಅಧಿಕದಾಗ ಮನಿ ಬರ್ದು ಕೊಡ್ತೀನೇನು?" ಎಂದರು ಅವರು. "ಶ್ರಾವಣ ಬರ್ಲಿ. ಕಾಳಜಿ ಮಾಡಬ್ಯಾಡ್ರಿ."

"ಮಾಲಕ್ರ," ಎಂದೆ ನಾನು, ಪಾವತಿಯನ್ನು ಮುಂದೆ ಚಾಚಿ, "ಆ ಮಾತ ಇದರ ಮ್ಯಾಲ ಒಂದ ಸಾಲ ಬರದ ಕೊಡ್ರಿ."

ಅವರು ಪಾವತಿಯನ್ನು ನೋಡಲೂ ಇಲ್ಲ. ನನ್ನನ್ನು ನೋಡಿದರು, ಸಾವಕಾಶವಾಗಿ. "ಅಧಿಕದಾಗ ಮನೀದೇನೂ ಬರಿಯೂದು ಬ್ಯಾಡಂತನ ಅಲ್ಲ ತಂಗಿ, ನಿಮ್ಮತ್ತಿ ಇಷ್ಟ ದೂರ ಬಂದಿದ್ದು?"

ಅತ್ತೆ ಹೌದೆಂದು ತಲೆಯಾಡಿಸಿದಳು. ನಾನು ಪಾವತಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಳಗಿನ ಖೋಲಿಯಿಂದ ಒಬ್ಬ ಗಂಡಸಿನ ದನಿ ಕೇಳಿಸಿತು: "ನಳಾ ಸ್ವಂತದ್ದೋ, ನಾಕ ಮಂದೀದೋ?" ಒಬ್ಬ ಹೆಂಗಸು ಸ್ವಂತದ್ದೇ ಎಂದಳು. ಮಾಲಕರು ಅಭಿಮಾನದಿಂದ, "ಅಳಿಯಂದ್ರು ಬಂದಾರ," ಎಂದರು.

ಬಸ್ಸಿನಲ್ಲಿ ನಾನು ಆ ನಲ್ಲಿಯ ಮಾತು ಎತ್ತಿದೆ. "ಮಂದಿ ಮನ್ಯಾಗಿನ ಮಾತು ನಮಗ್ಯಾಕವ್ವ," ಎಂದಳು ಅತ್ತೆ. ಕಿಟಕಿಯಾಚೆ ಮುಂಗಾರಿ ಪೈರು ಎದ್ದಿತ್ತು, ಮೋಡ ಕವಿದಿತ್ತು, ಮಳೆ ಮಾತ್ರ ಬರುತ್ತಿರಲಿಲ್ಲ.

ಆಮೇಲೆ ದಿನಾ ಸಂತೆಯ ನೆಪ ಹೇಳಿ ಆ ಮನೆಯ ಮುಂದೆ ಹಾದುಹೋಗತೊಡಗಿದೆ. ಮೊದಲ ವಾರ ಬೀಗ ಹಾಗೇ ಇತ್ತು. ಎರಡನೆಯ ವಾರ ಹಳೆಯ ಬೀಗ ಹೋಗಿ ಹೊಸದು ಬಂದಿತ್ತು. ಮೂರನೆಯ ವಾರ ಗೋಡೆಗೆಲ್ಲ ಸುಣ್ಣ ಬಳಿದಿದ್ದರು, ಬಾಗಿಲಿಗೆ ಹಸಿರು ಬಣ್ಣ. ನಮ್ಮ ಮನೆಯವರಿಗೆ ಹೇಳಿದರೆ, "ನೋಡು, ಕೊಡೂಕಿಂತ ಮೊದಲ ಸುಣ್ಣ ಹಚ್ಚಿಸ್ಯಾರ, ಎಂಥಾ ಚೊಲೊ ಮಂದಿ," ಎಂದರು. ಅಂಥ ಗಂಡನನ್ನು ಕಟ್ಟಿಕೊಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುದ್ದತಿಗೆ ನಾಲ್ಕು ದಿನ ಉಳಿದಾಗ ನಾನೊಬ್ಬಳೇ ಅರ್ಜಿಯವರಲ್ಲಿಗೆ ಹೋದೆ. ಅವರು ಪಾವತಿ ಓದಿ ಮಡಿಚಿ ಕೊಟ್ಟರು. "ಬಾಯಿಲೆ ಮುದ್ದತಿ ಮುಂದ ಹೋಗಂಗಿಲ್ಲ. ರೊಕ್ಕಾ ತಗೊಂಡು ಇಬ್ಬರು ಸಾಕ್ಷಿ ಕರ್ಕೊಂಡು ಈ ನಾಕ ದಿನದಾಗ ಅವರ ಮುಂದ ಹೋಗಿ ನಿಂದರ್ರಿ. ತಗೋರಿ ಅನ್ರಿ. ತಗೊಳ್ಳಲಿಲ್ಲ ಅಂದ್ರ ಅದು ಅವರ ಪಾಪ."

ಮನೆಗೆ ಬಂದು ಒಂದೇ ಉಸಿರಿನಲ್ಲಿ ಹೇಳಿದೆ. ಇವರು ತಾಯಿಯ ಮುಖ ನೋಡಿದರು. "ನಾವ ಬ್ಯಾಡ ಅಂತ ಕೇಳ್ಕೊಂಡ ಬಂದು, ನಾವ ರೊಕ್ಕಾ ತಗೊಂಡು ಹೋಗಿ ನಿಂದರೂದೇನು? ಅವರು ಹೂಂ ಅಂದಾರ," ಎಂದಳು ಅತ್ತೆ. ಇವರು ಗಿರಣಿಯಲ್ಲಿ ರಜೆ ಸಿಗುವುದಿಲ್ಲ ಎಂದರು. ರಜೆ ಕೇಳಿಯೇ ಇರಲಿಲ್ಲ, ನನಗೆ ಗೊತ್ತು. ಹಣ ಪೆಟ್ಟಿಗೆಯಲ್ಲಿತ್ತು, ಕೀಲಿ ನನ್ನ ಸೊಂಟದಲ್ಲಿತ್ತು. ನಾನೇ ಯಾಕೆ ಹೋಗಲಿಲ್ಲ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅಷ್ಟು ಬಾಯಿ ಇದ್ದವಳಿಗೆ ಕಾಲು ಬರಲಿಲ್ಲ. ನಾಲ್ಕು ದಿನ ರೊಟ್ಟಿ ಬಡಿಯುತ್ತ ಕಳೆದೆ. ಐದನೆಯ ದಿನ ಎದ್ದಾಗ ಏನೂ ಬದಲಾಗಿರಲಿಲ್ಲ, ಅದೇ ನಲ್ಲಿಯ ಪಾಳಿ.

ಶ್ರಾವಣದ ಮೊದಲ ಸೋಮವಾರ ಮೂವರೂ ಹಣ ಕಟ್ಟಿಕೊಂಡು ಅಕ್ಕಲಕೋಟಕ್ಕೆ ಹೋದೆವು. ವಾಡೆಯ ಪಡಸಾಲೆಯಲ್ಲಿ ಊರಿನ ಇಬ್ಬರು ಹಿರಿಯರು ಆಗಲೇ ಬಂದು ಕೂತಿದ್ದರು. ಬರುವ ದಿನವನ್ನು ನಾವೇ ಮೊದಲು ಹೇಳಿ ಕಳಿಸಿದ್ದೆವು. ಮಾಲಕರು ಅವರನ್ನು ನಮಗಾಗಿಯೇ ಕರೆಸಿ ಕೂಡಿಸಿದ್ದರು. ಇವರು ಹಣದ ಗಂಟು ಬಿಚ್ಚಲು ಹೋದರೆ ಮಾಲಕರು ಕೈ ಅಡ್ಡ ಮಾಡಿದರು.

"ಮುದತ್ ಸಂಪಲಿ," ಎಂದರು.

ಮುದ್ದತಿ ಮುಗಿಯಿತು ಎಂದರೆ ಅಷ್ಟೇ. ಆದರೆ ಅಲ್ಲಿಯವರೆಗೆ ಅವರು ನಮ್ಮ ಜೊತೆ ಒಂದು ಮಾತೂ ಮರಾಠಿಯಲ್ಲಿ ಆಡಿರಲಿಲ್ಲ. ಅಕ್ಕಾರ, ತಂಗಿ ಎಲ್ಲ ಕನ್ನಡದಲ್ಲೇ ನಡೆದಿತ್ತು. ಈಗ ಕೋರ್ಟಿನ ಭಾಷೆ ಹೊರಗೆ ಬಂತು.

"ಮನಿ ಅಳಿಯಂದ್ರು ಬೇಡಿದ್ರು," ಎಂದು ಮಾಲಕರು ಮತ್ತೆ ಕನ್ನಡಕ್ಕೆ ಬಂದರು. "ಧೋಂಡ್ಯಾದಾಗ ಬೇಡಿದ್ದು ಇಲ್ಲ ಅನ್ನಾಕ ಬರತೈತೇನು? ನೀವೂ ರೀತಿ ತಿಳದ ಮಂದಿ."

"ಮನಿ ಹೋಗ್ಲಿ. ಇಸಾರರ ತಿರುಗಿ ಕೊಡ್ರಿ," ಎಂದರು ಇವರು.

"ಕೊಡ್ತೀನಿ. ಮಂದಿ ರೊಕ್ಕಾ ತಿನ್ನಾಂವಲ್ಲ ನಾನು. ಆದರ ತಡಾ ಯಾರದ್ದು ಅನ್ನೂದು ಈ ಹಿರ್ಯಾರ ಮುಂದ ಆಗಿಬಿಡ್ಲಿ." ಅತ್ತೆಯ ಕಡೆ ತಿರುಗಿದರು. ದನಿಯಲ್ಲಿ ಎಷ್ಟು ಮರ್ಯಾದೆ! "ಅಕ್ಕಾರ, ನೀವು ವಾರಿ ಮಾಡಾವ್ರು. ಕೊಳ್ಳಾಗಿನ ತುಳಸಿ ಮಾಳಿ ಮುಟ್ಟಿ ಒಂದ ಮಾತ ಹೇಳ್ರಿ. ಖರೇದಿ ಮುಂದ ಹಾಕ್ರಿ ಅಂತ ಇಲ್ಲಿ ಬಂದು ಕೇಳಿದಾಕಿ ನಾನಲ್ಲ, ಅನ್ರಿ. ಈಗಿಂದೀಗ ಐದನೂರು ಎಣಸ್ತೀನಿ."

ಆಗ ಆ ಮನುಷ್ಯನ ಆಳ ನನಗೆ ಗೊತ್ತಾಯಿತು. ಅತ್ತೆ ಸುಳ್ಳು ಹೇಳುವುದಿಲ್ಲವೆಂದು ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಅವಳ ಸತ್ಯದ ಮೇಲೆಯೇ ಅವರು ನನ್ನ ಪಾಟ್ಲಿಯನ್ನು ಪಣಕ್ಕಿಟ್ಟಿದ್ದರು. "ಆಣಿ ನೀವ ಮಾಡ್ರಿ!" ಎಂದು ನಾನು ಕೂಗಿದೆ. "ಕೇಳಾವ್ರು ಆಣಿ ಮಾಡ್ಬೇಕು ತಂಗಿ, ಇಟಗೊಂಡಾವ್ರಲ್ಲ," ಎಂದರು ಮಾಲಕರು.

ನಾನು ಅತ್ತೆಯ ಪಕ್ಕಕ್ಕೆ ಸರಿದು ಅವಳ ಮೊಣಕೈ ಹಿಡಿದೆ. "ಅತ್ತಿ, ಅಂದಬಿಡ್ರಿ," ಎಂದೆ ಸಣ್ಣಗೆ. "ನಿಮ್ಮ ಕಾಲ ಬೀಳ್ತೀನಿ, ಅಂದಬಿಡ್ರಿ."

ಅವಳು ಕೊರಳಿನ ತುಳಸಿ ಮಾಲೆಯನ್ನು ಕೈಯಲ್ಲಿ ಹಿಡಿದಳು. ತುಟಿ ಒಣಗಿತ್ತು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ.

"ಕೇಳಿದಾಕಿ ನಾನ," ಎಂದಳು. "ಅಧಿಕ ಮುಗೀಲಿ ಅಂತ ನಾನ ಬಂದು ಕೇಳೀನಿ. ನೀವು ಹೂಂ ಅಂದ್ರಿ."

"ನಾ ಏನ ಅಂದ್ನಿ ಅಂತ ನಾ ಕೇಳಿಲ್ಲ ಅಕ್ಕಾರ," ಎಂದರು ಮಾಲಕರು, ಮತ್ತು ಎದ್ದು ಒಳಗೆ ಹೋದರು. ಹಿರಿಯರಲ್ಲಿ ಒಬ್ಬರು ನೆಲ ನೋಡುತ್ತ ಕೂತರು, ಇನ್ನೊಬ್ಬರು ಚಪ್ಪಲಿ ಹುಡುಕಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ ನಿಲ್ದಾಣದಲ್ಲಿ, ನಾಲ್ಕು ಜನರೆದುರು, ನಾನು ಅವಳಿಗೆ ಅಂದೆ: "ಒಂದ ಸುಳ್ಳ ಹೇಳಿದ್ರ ನಿಮ್ಮ ದೇವ್ರು ಸಾಯ್ತಿದ್ನೇನ್ರಿ? ನನ್ನ ಅವ್ವನ ಕೈಯಾಗಿನ ಬಂಗಾರ ಅದು!" ಇವರು ಸುಮ್ಮನಿರು ಎಂದರು. ಅವಳು ಸೆರಗು ಹೊದ್ದುಕೊಂಡು ಬಸ್ಸು ಹತ್ತಿದಳು. ಸೋಲಾಪುರದವರೆಗೂ ನಾನು ಬೇರೆ ಸೀಟಿನಲ್ಲಿ ಕೂತು ಬಂದೆ. ಅರ್ಜಿಯವರು ದಾವೆ ಹಾಕಿದರೆ ಇಸಾರಕ್ಕಿಂತ ಖರ್ಚೇ ಜಾಸ್ತಿ ಎಂದರು. ಪತಪೇಢಿಯ ಹಣ ತಿರುಗಿ ಕಟ್ಟಿದೆವು. ಚಾಳಿನಲ್ಲೇ ಉಳಿದೆವು.

ಮುಂದಿನ ವರ್ಷ ಆಷಾಢ ಬಂತು. ವಾರಿಗೆ ಗುಂಪಾಗಿ ಹೋಗುವ ದಿಂಡಿಯವರು ಕರೆಯಲು ಬಂದರೆ ಅತ್ತೆ ಮೊಣಕಾಲು ನೋವೆಂದು ಕಳಿಸಿಬಿಟ್ಟಳು. ಅದರ ಮುಂದಿನ ವರ್ಷವೂ ಅದೇ ಮಾತು. ಮೊಣಕಾಲು ನೋಯುವವಳು ಅದೇ ವಾರ ಗಿರಣಿಗೆ ಬುತ್ತಿ ಹೊತ್ತುಕೊಂಡು ಹೋಗಿ ಬರುತ್ತಿದ್ದಳು. ಆ ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು, ಮಾತು ಮಾತ್ರ ಸರಿಹೋಗಿರಲಿಲ್ಲ. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ, ಯಾಕೆ ಹೋಗುವುದಿಲ್ಲ ಎಂದು.

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಇಷ್ಟ ವರ್ಷ ನಡದ ಹೋಗೀನವ್ವ. ಪಂಢರಪುರದಾಗ ಅಂವನ ಮುಂದ ನಿಂತು ಏನೂ ಬೇಡಿಲ್ಲ. ಈಗ ಹೋದ್ರ ನಿನ್ನ ಪಾಟ್ಲಿ ಬೇಡ್ತೀನಿ. ಅದಕ್ಕ ಹೋಗಂಗಿಲ್ಲ."